ಪ್ರಶ್ನೋತ್ತರ: ಎಚ್‌ಐವಿ ತಡೆಯ ಇಂಪ್ಲಾಂಟ್ ಎಂದರೆ ವೈದ್ಯರಿಗೇಕೆ ಹಿಂಜರಿಕೆ?

ಪ್ರಶ್ನೆ (ಆಪ್ತಸಮಾಲೋಚಕಿ): ನಮಸ್ಕಾರ ಡಾಕ್ಟರ್. ಎಚ್‌ಐವಿ ಸೋಂಕು ತಗಲದಂತೆ ಮುಂಚಿತವಾಗಿ ತೆಗೆದುಕೊಳ್ಳುವ ಪ್ರೆಪ್ ಮಾತ್ರೆಯ ಬಗ್ಗೆ ತಿಳಿಹೇಳುವುದು ನನ್ನ ಕೆಲಸ. ಶ್ರದ್ಧೆಯಿಂದ ಶುರು ಮಾಡಿದವರಲ್ಲಿಯೂ ಹಲವರು ಕೆಲವು ತಿಂಗಳಲ್ಲೇ ಬಿಟ್ಟುಬಿಡುತ್ತಾರೆ. ತೋಳಿನ ಚರ್ಮದಡಿ ಇಟ್ಟರೆ ತಿಂಗಳುಗಟ್ಟಲೆ ಔಷಧ ಒಸರುವ ಇಂಪ್ಲಾಂಟ್ ಬರಲಿದೆ ಎಂದು ಓದಿ ಸಂತೋಷವಾಗಿತ್ತು. ಆದರೆ ಜೊತೆಗಿರುವ ಹಿರಿಯ ವೈದ್ಯರು ಅದರಲ್ಲಿ ಅಷ್ಟೇನೂ ಉತ್ಸಾಹ ತೋರಲಿಲ್ಲ. ಕಾರಣವೇನಿರಬಹುದು?

ಉತ್ತರ (ವೈದ್ಯೆ): ನಮಸ್ಕಾರ. ಮೊದಲು ಒಂದು ಸ್ಪಷ್ಟನೆ: ಎಚ್‌ಐವಿ ತಡೆಗೆಂದು ರೂಪಿಸಿದ ಯಾವ ಇಂಪ್ಲಾಂಟೂ ಇನ್ನೂ ಬಳಕೆಗೆ ಅನುಮತಿ ಪಡೆದಿಲ್ಲ. ಅಮೆರಿಕದಲ್ಲಿ 2012ರಲ್ಲಿ ಮಾತ್ರೆಗೆ, 2021ರಲ್ಲಿ ಎರಡು ತಿಂಗಳಿಗೊಮ್ಮೆ ಕೊಡುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದಿಗೆ, 2025ರಲ್ಲಿ ಆರು ತಿಂಗಳಿಗೊಮ್ಮೆ ಕೊಡುವ ಲೆನಾಕಪಾವಿರ್‌ಗೆ ಅನುಮತಿ ಸಿಕ್ಕಿದೆ. ಇಂಪ್ಲಾಂಟ್ ಇನ್ನೂ ಪ್ರಯೋಗದ ಹಂತದಲ್ಲೇ ಇದೆ. ಇಂಪ್ಲಾಂಟ್‌ಗೆ ಹೊಂದುತ್ತದೆಂದು ಭರವಸೆ ಮೂಡಿಸಿದ್ದ ಇಸ್ಲಾಟ್ರಾವಿರ್ ಎಂಬ ಔಷಧ ಪಡೆದವರಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಳಿದದ್ದರಿಂದ 2021ರ ಡಿಸೆಂಬರಿನಲ್ಲಿ ಅದರ ಪ್ರಯೋಗಗಳಿಗೆ ತಡೆ ಬಿತ್ತು. ಹಿರಿಯರ ಎಚ್ಚರಿಕೆಗೆ ಇದೂ ಒಂದು ಕಾರಣವಿರಬಹುದು.

ಹಾಗೆಂದು ವೈದ್ಯರು ಇಂಪ್ಲಾಂಟ್‌ನ ವಿರೋಧಿಗಳೇನಲ್ಲ. ದಿನವೂ ನೆನಪಿಟ್ಟುಕೊಳ್ಳುವ ಹೊರೆ ತಪ್ಪುತ್ತದೆ, ದಿಂಬಿನಡಿ ಮಾತ್ರೆ ಡಬ್ಬಿ ಬಚ್ಚಿಡಬೇಕಾಗಿಲ್ಲ ಎಂಬುದನ್ನು ನನ್ನ ಸಹೋದ್ಯೋಗಿಗಳೆಲ್ಲ ಒಪ್ಪುತ್ತಾರೆ. ನನ್ನ ಮಟ್ಟಿಗೆ ಇಂಪ್ಲಾಂಟ್‌ನ ದೊಡ್ಡ ಗುಣವೆಂದರೆ ಅದನ್ನು ಹೊರತೆಗೆಯಬಹುದು ಎಂಬುದು. ಚುಚ್ಚುಮದ್ದು ಒಮ್ಮೆ ಒಳಹೋದರೆ ಮುಗಿಯಿತು, ತೀವ್ರ ಅಡ್ಡಪರಿಣಾಮವಾದರೂ ವಾಪಸ್ ಪಡೆಯಲಾಗದು; ಕ್ಯಾಬೊಟೆಗ್ರಾವಿರ್ ನಿಲ್ಲಿಸಿದ ಮೇಲೆಯೂ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಕಾಲ ಅಲ್ಪ ಪ್ರಮಾಣದಲ್ಲಿ ದೇಹದಲ್ಲಿ ಉಳಿಯಬಹುದು, ಮತ್ತು ಸೋಂಕು ತಡೆಯಲು ಸಾಲದ ಆ ಪ್ರಮಾಣದ ನಡುವೆ ವೈರಸ್ ಹೊಕ್ಕರೆ ಔಷಧಕ್ಕೆ ಬಗ್ಗದ ತಳಿ ಹುಟ್ಟಿಕೊಳ್ಳುವ ಅಪಾಯವಿರುತ್ತದೆ.

ತೊಡಕೂ ಈ ಹೊರತೆಗೆಯುವುದರಲ್ಲೇ ಇದೆ. ನಾನು ಹಲವು ವರ್ಷಗಳಿಂದ ಗರ್ಭನಿರೋಧಕ ಇಂಪ್ಲಾಂಟ್ ಹಾಕುತ್ತ, ತೆಗೆಯುತ್ತ ಬಂದಿದ್ದೇನೆ. ನಾಲ್ಕು ಸೆಂಟಿಮೀಟರ್ ಉದ್ದದ ಆ ಕಡ್ಡಿಯನ್ನು ಹಾಕುವುದು ಕೆಲವೇ ನಿಮಿಷಗಳ ಕೆಲಸ. ತೆಗೆಯುವಾಗ ಭುಜದ ಕಡೆಯ ತುದಿಯನ್ನು ಬೆರಳಿನಿಂದ ಒತ್ತಿ, ಮೊಣಕೈ ಕಡೆಯ ತುದಿ ಉಬ್ಬುವಂತೆ ಮಾಡಿ, ಮರಗಟ್ಟಿಸುವ ಮದ್ದನ್ನು ಕಡ್ಡಿಯ ಕೆಳಗೆ ಕೊಡಬೇಕು. ಮೇಲೆ ಕೊಟ್ಟರೆ ಚರ್ಮ ಊದಿ ಕಡ್ಡಿಯೇ ಕೈಗೆ ಸಿಗುವುದಿಲ್ಲ. ಬಳಿಕ ಎರಡು ಮಿಲಿಮೀಟರ್ ಕೊಯ್ದು, ಕಡ್ಡಿಯ ಸುತ್ತ ಬೆಳೆದ ನಾರಿನ ಪೊರೆಯನ್ನು ಬಿಡಿಸಿ ಹೊರಗೆಳೆಯಬೇಕು. ಆಳಕ್ಕೆ ಹಾಕಿದ್ದರೆ ಕಷ್ಟ. ಬೇರೆಲ್ಲೋ ಹಾಕಿಸಿಕೊಂಡು ಬಂದಿದ್ದ ಒಬ್ಬ ಮಹಿಳೆಯ ತೋಳಿನಲ್ಲಿ ಕಡ್ಡಿ ಬೆರಳಿಗೆ ತಗಲದೆ, ಕೊನೆಗೆ ಅಲ್ಟ್ರಾಸೌಂಡ್ ನೋಡಿಕೊಂಡೇ ತೆಗೆಯಬೇಕಾಯಿತು. ಆರು ಕಡ್ಡಿಗಳ ನಾರ್‌ಪ್ಲಾಂಟ್ ಎಂಬ ಹಳೆಯ ಗರ್ಭನಿರೋಧಕ ಇಂಪ್ಲಾಂಟ್ ಇದ್ದ ಕಾಲದಲ್ಲಿ ತೆಗೆಸಿಕೊಳ್ಳುವ ಕಷ್ಟದ ಬಗ್ಗೆಯೇ ದೊಡ್ಡ ದೂರು ಇತ್ತು. ಅದನ್ನು ಕಂಡವರು ಹೊಸ ಇಂಪ್ಲಾಂಟ್ ಎಂದ ಕೂಡಲೇ “ತೆಗೆಯುವವರು ಯಾರು?” ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು.

ಪ್ರಶ್ನೆ (ಸ್ಟಾಫ್ ನರ್ಸ್): ಮೇಡಂ, ತಾನಾಗಿ ಕರಗುವ ಇಂಪ್ಲಾಂಟ್ ಬಂದರೆ ತೆಗೆಯುವ ಸಮಸ್ಯೆಯೇ ಇರುವುದಿಲ್ಲವಲ್ಲ? ತರಬೇತಿ ಕೊಟ್ಟರೆ ಈ ಕೆಲಸವನ್ನು ನಾವು ಮಾಡಬಹುದೇ?

ಉತ್ತರ: ಕರಗುವ ಕಡ್ಡಿಗಳ ಸಂಶೋಧನೆಯೂ ನಡೆದಿದೆ, ಸಿಸ್ಟರ್. ಅವಧಿ ಮುಗಿದ ಕಡ್ಡಿಯನ್ನು ತೆಗೆಯುವ ಕೆಲಸ ತಪ್ಪುತ್ತದೆ ನಿಜ. ಆದರೆ ನಡುವೆ ಅಲರ್ಜಿಯಾದರೆ, ಸೋಂಕು ತಗಲಿದ್ದು ಗೊತ್ತಾದರೆ, ಅಥವಾ ಹಾಕಿಸಿಕೊಂಡವರಿಗೆ ಸುಮ್ಮನೆ ಬೇಡವೆನಿಸಿದರೆ ಆಗಲೂ ತೆಗೆಯಲೇಬೇಕು, ಮತ್ತು ಅರ್ಧ ಮೆದುವಾದ ಕಡ್ಡಿಯನ್ನು ತುಂಡಾಗದಂತೆ ಎಳೆಯುವುದು ಸುಲಭವಲ್ಲ.

ತರಬೇತಿಯ ಮಾತಿಗೆ ಬಂದರೆ, ಖಂಡಿತ ಮಾಡಬಹುದು. ಗರ್ಭನಿರೋಧಕ ಇಂಪ್ಲಾಂಟ್‌ಗಳನ್ನು ಅನೇಕ ದೇಶಗಳಲ್ಲಿ ನರ್ಸ್‌ಗಳೇ ಹಾಕುತ್ತಾರೆ. ತರಬೇತಿಯಲ್ಲಿ ಹಾಕುವುದನ್ನಷ್ಟೇ ಕಲಿಸಿ ಕಳಿಸಬಾರದು ಎಂಬುದು ನನ್ನ ಹಟ. ಇನ್ನೊಂದು ಮಾತು: ಎಚ್‌ಐವಿ ತಡೆಯ ಇಂಪ್ಲಾಂಟ್ ಹಾಕುವ ಮುನ್ನ ಎಚ್‌ಐವಿ ಪರೀಕ್ಷೆ ಕಡ್ಡಾಯ. ಆಗಲೇ ಸೋಂಕಿರುವವರಿಗೆ ಒಂದೇ ತಡೆ ಔಷಧ ಕೊಟ್ಟರೆ ಅದು ಚಿಕಿತ್ಸೆಗೆ ಸಾಲದೆ ವೈರಸ್‌ನಲ್ಲಿ ಪ್ರತಿರೋಧ ಬೆಳೆಸಬಹುದು.

ಪ್ರಶ್ನೆ (ಆಪ್ತಸಮಾಲೋಚಕಿ): ಹಾಗಾದರೆ, ಇಂಪ್ಲಾಂಟ್ ಬರಲಿ, ಆಮೇಲೆ ನೋಡೋಣ ಎನ್ನುವವರಿಗೆ ನಾನು ಏನು ಹೇಳಲಿ?

ಉತ್ತರ: ಕಾಯಬೇಡಿ ಎಂದು ಹೇಳಿ. ತಪ್ಪದೆ ತೆಗೆದುಕೊಂಡರೆ ಮಾತ್ರೆಯೇ ಚೆನ್ನಾಗಿ ಕೆಲಸ ಮಾಡುತ್ತದೆ. ಅದು ಆಗದವರಿಗೆ, ಸಿಗುವ ಕಡೆ, ಚುಚ್ಚುಮದ್ದು ಇದೆ. 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಲೆನಾಕಪಾವಿರ್ ಪಡೆದ 2,134 ಮಹಿಳೆಯರಲ್ಲಿ ಒಬ್ಬರಿಗೂ ಎಚ್‌ಐವಿ ತಗಲಲಿಲ್ಲ. ಇವು ಯಾವುವೂ ಸಿಫಿಲಿಸ್, ಗೊನೊರಿಯಾಗಳನ್ನು ತಡೆಯುವುದಿಲ್ಲವಾದ್ದರಿಂದ ಕಾಂಡೋಮ್ ವಿಷಯವನ್ನು ಮಾತ್ರ ಬಿಡಬೇಡಿ. ಮಾತ್ರೆ ಬಿಟ್ಟವರನ್ನು ಏಕೆ ಬಿಟ್ಟಿರಿ ಎಂದು ಗದರದೆ ಕೇಳಿ ಬರೆದಿಟ್ಟುಕೊಳ್ಳಿ. ನಾಳೆ ಇಂಪ್ಲಾಂಟ್ ಬಂದಾಗ ಅದು ಯಾರಿಗೆ ಹೊಂದುತ್ತದೆ ಎಂದು ತೀರ್ಮಾನಿಸಲು ನಮಗೆ ಆ ಟಿಪ್ಪಣಿಗಳೇ ಬೇಕಾಗುತ್ತವೆ.