ಹಣ್ಣು ಹುಳು ಆರಿಸಲು ಕಲಿತೆ, ಡೈರಿಯಲ್ಲಿ ಏನಂತ ಬರೆಯಲಿ?

ಗುಬ್ಬಿಯ ಸೊಸೆ ಕೇಳಿದ್ದು:

ಬಿ.ಎಡ್. ಎರಡನೇ ವರ್ಷ ಓದುತ್ತಿದ್ದೇನೆ. ಗಣಿತ, ಭೌತವಿಜ್ಞಾನ. ತವರು ಗುಬ್ಬಿ ಕಡೆ, ತೆಂಗು ಅಡಿಕೆ ಬಿಟ್ಟರೆ ಬೇರೆ ಬೇಸಾಯ ನೋಡಿದವಳಲ್ಲ. ಹೋದ ವರ್ಷ ಮದುವೆಯಾಗಿ ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಗೆ ಬಂದೆ. ಇಲ್ಲಿ ದೊಡ್ಡ ಮನೆ ಅಂದರೆ ರೇಷ್ಮೆ ಹುಳು ಮನೆ. ನಾವು ಮನುಷ್ಯರು ಅದರ ಪಕ್ಕದ ಎರಡು ರೂಮಿನಲ್ಲಿ ಇದ್ದೇವೆ.

ಕಾಲೇಜಿನಲ್ಲಿ ಒಂದು ಕೆಲಸ ಕೊಟ್ಟಿದ್ದಾರೆ. ನಿಮಗೆ ಸುತರಾಂ ಬಾರದ ಒಂದು ಕೌಶಲ ಕಲಿಯಿರಿ, ಕಲಿಯುವಾಗ ನಿಮಗೇನಾಯಿತು ಅಂತ ಡೈರಿ ಬರೆಯಿರಿ. ನಾಳೆ ಪಾಠ ಮಾಡುವವರು ಒಂದು ಸಲ ಏನೂ ಬಾರದ ಮಗುವಿನ ಜಾಗದಲ್ಲಿ ಕೂರಲಿ ಅಂತ. ಗೆಳತಿಯರಲ್ಲಿ ಒಬ್ಬಳು ಸ್ಕೂಟರ್ ಕಲಿತಳು, ಇನ್ನೊಬ್ಬಳು ಕ್ರೋಶಾ ಹಿಡಿದಳು. ನಾನು ದಸರಾ ರಜೆಯಲ್ಲಿ ಹಣ್ಣು ಆರಿಸುವುದು ಕಲಿಯುತ್ತೇನೆ ಅಂತ ಬರೆದುಕೊಟ್ಟೆ. ಲೆಕ್ಚರರ್ "ಮಾವಿನ ಹಣ್ಣಾ?" ಅಂದರು. ಅವರು ಈ ಕಡೆಯವರಲ್ಲ.

ಅವರಂತೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ, ಇಲ್ಲಿ ಅದಕ್ಕೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಒಂದು ವಾರ ಹಗಲು ರಾತ್ರಿ ಸೊಪ್ಪು ಮೇಯುತ್ತದೆ. ಆಮೇಲೆ ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಹುಳು ಹಣ್ಣಾಯಿತು ಅಂತ ಅರ್ಥ. ಅದನ್ನು ಆರಿಸಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆಗೆ ಬಿಡಬೇಕು. ಬೇಗ ಬಿಟ್ಟರೆ ಗೂಡು ಕಟ್ಟದೆ ಸುತ್ತಾಡಿ ಕೆಳಗೆ ಬೀಳುತ್ತದೆ. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತದೆ. ನಮ್ಮದು ಈ ಸಲ 100 ಮೊಟ್ಟೆ. ಅಂದರೆ ನೂರು ಹುಳು ಅಲ್ಲ. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳಷ್ಟಕ್ಕೂ ಸೇರಿಸಿ ಒಂದು ಮೊಟ್ಟೆ ಅಂತ ಲೆಕ್ಕ, ಅದರಲ್ಲಿ 400ಕ್ಕೂ ಜಾಸ್ತಿ ಇರುತ್ತವೆ. ಹತ್ತಿರ ಹತ್ತಿರ 40,000 ಹುಳು ಒಂದೆರಡು ದಿನದೊಳಗೆ ಹಣ್ಣಾಗುತ್ತವೆ. ಯಾರಿಗೂ ನಿದ್ದೆ ಇಲ್ಲ.

"ಹೇಗೆ ಗೊತ್ತಾಗುತ್ತೆ ಅತ್ತೆ?" ಅಂದೆ. "ನೋಡಿದ್ರೆ ಗೊತ್ತಾಗಲ್ವೇನಮ್ಮ?" ಅಂದರು. ನೋಡಿದೆ. ಎಲ್ಲಾ ಒಂದೇ ಥರ. ಮೊದಲ ಬೇಸಿನ್ ತುಂಬಿಸಿ ಕೊಟ್ಟೆ. ಅತ್ತೆ ಬೆರಳಾಡಿಸಿ ಅರ್ಧಕ್ಕರ್ಧ ಹುಳು ವಾಪಸ್ ಸೊಪ್ಪಿಗೆ ಹಾಕಿದರು. ಹಾಗಾದರೆ ನಾನೇ ಒಂದು ನಿಯಮ ಮಾಡಿಕೊಳ್ಳುತ್ತೇನೆ ಅಂತ ಹೊರಟೆ. ಹಳದಿ ಬಣ್ಣ ಇರಬೇಕು, ಮೇಯುವುದು ಬಿಟ್ಟು ಸ್ಟ್ಯಾಂಡಿನ ಅಂಚಿನಲ್ಲಿ ಓಡಾಡುತ್ತಿರಬೇಕು. ಎರಡನೇ ಬೇಸಿನ್ ಬೇಗ ತುಂಬಿತು. ಅತ್ತೆ ಅದರಲ್ಲಿ ಒಂದನ್ನು ಹಿಡಿದರು, ಚರ್ಮ ಒಡೆದು ಕೈಯೆಲ್ಲಾ ಹಾಲಿನಂಥ ನೀರು. ಹಾಲುತೊಂಡೆ ರೋಗದ ಹುಳು! ಅದೂ ಹಳದಿಯೇ, ಅದೂ ಅಂಚಿನಲ್ಲೇ ಓಡಾಡುವುದು. ನನ್ನ ನಿಯಮ ಹಣ್ಣಿಗಿಂತ ರೋಗಕ್ಕೇ ಚೆನ್ನಾಗಿ ಒಪ್ಪುತ್ತಿತ್ತು. ಅತ್ತೆ ಬೇಸಿನ್ ಎತ್ತಿ ಹೊರಗಿಟ್ಟು, ಆಳುಗಳ ಮುಂದೆ "ಓದಿದೋರಿಗೆ ಕಣ್ಣಿಲ್ಲ" ಅಂದರು.

ಆ ರಾತ್ರಿ ಡೈರಿಯಲ್ಲಿ ಹೀಗೆ ಬರೆದೆ: "ಕಲಿಸುವವರಿಗೆ ಕಲಿಸುವ ವಿಧಾನ ಗೊತ್ತಿಲ್ಲ. ವೈಗೋಟ್‌ಸ್ಕಿ ಹೇಳಿದ ಸ್ಕ್ಯಾಫೋಲ್ಡಿಂಗ್ ಇಲ್ಲಿ ಶೂನ್ಯ." ವೈಗೋಟ್‌ಸ್ಕಿ ಅಂದರೆ ನಮ್ಮ ಬಿ.ಎಡ್. ಪಾಠದಲ್ಲಿ ಬರುವ ರಷ್ಯಾದ ಮನಶ್ಶಾಸ್ತ್ರಜ್ಞ, ಸ್ಕ್ಯಾಫೋಲ್ಡಿಂಗ್ ಅಂದರೆ ಕಲಿಯುವವರಿಗೆ ತಾವಾಗಿ ಬರುವವರೆಗೆ ಕಲಿಸುವವರು ಕೊಡುವ ಆಸರೆ. ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದೇನೆ.

ಮರುದಿನ ಬೆಳಗಿನ ಜಾವ ಐದಕ್ಕೆ, ಇನ್ನೂ ಕತ್ತಲೆ, ಮತ್ತೆ ನಿಂತೆವು. ಈ ಸಲ ಹೇಗೆ ಅಂತ ಕೇಳಲಿಲ್ಲ. ಒಂದು ಹುಳು ಎತ್ತಿ "ಇದು?" ಅಂದೆ. ಮನೆಯಲ್ಲಿ ಅರ್ಧ ತೆಲುಗು. "ಪಂಡಿಂದಿ" ಅಂದರು, ಹಣ್ಣಾಗಿದೆ. "ಇದು?" "ಪಂಡಲೇದು." ಹೀಗೆ ಐವತ್ತು ಅರವತ್ತು ಹುಳು ಆಗಿರಬೇಕು. ಅವರ ಕೈ ನಿಲ್ಲಲಿಲ್ಲ, ತಲೆಯೂ ಎತ್ತಲಿಲ್ಲ. ಒಂದಕ್ಕೆ ಮಾತ್ರ "ತಾಳು" ಅಂತ ಈಸಿಕೊಂಡು ಬಲ್ಬಿನ ಕಡೆ ಹಿಡಿದು ನೋಡಿದರು. ಆಗ ಗಮನಿಸಿದೆ. ಅತ್ತೆ ಸ್ಟ್ಯಾಂಡಿನ ಆ ಪಕ್ಕ, ಬಲ್ಬಿಗೆ ಮುಖ ಮಾಡಿ ನಿಂತಿದ್ದಾರೆ. ನಾನು ಈ ಪಕ್ಕ, ಬಲ್ಬಿಗೆ ಬೆನ್ನು ಹಾಕಿ. ನನ್ನ ನೆರಳೇ ಹುಳುಗಳ ಮೇಲೆ ಬೀಳುತ್ತಿತ್ತು. ಆ ಪಕ್ಕಕ್ಕೆ ಹೋಗಿ ನಿಂತೆ. ಹಣ್ಣಾದ ಹುಳುವಿನ ಕತ್ತಿನ ಹತ್ತಿರ ಬೆಳಕು ಒಳಗಿಂದ ಹಾದು ಬರುತ್ತದೆ! ಕಾಯಿ ಹುಳು ಸುಣ್ಣದ ಕಡ್ಡಿ ಥರ ಮಂಕು. ಹಾಲುತೊಂಡೆಯಲ್ಲಿ ಹೊಳಪು ಇರುವುದು ಚರ್ಮದ ಮೇಲೆ ಮಾತ್ರ. ಆ ಬೆಳಗ್ಗೆ ನನ್ನ ಬೇಸಿನ್ನಿಂದ ವಾಪಸ್ ಹೋಗಿದ್ದು ಎಂಟೋ ಒಂಬತ್ತೋ ಹುಳು.

ಇಲ್ಲಿಗೆ ಮುಗಿದಿದ್ದರೆ ಡೈರಿ ಚೆಂದ ಇರುತ್ತಿತ್ತು. ರಜೆ ಮುಗಿದು ಇಂಟರ್ನ್‌ಶಿಪ್ ಶಾಲೆಗೆ ಹೋದೆ. ಎಂಟನೇ ತರಗತಿ, ಬೀಜೋಕ್ತಿ, ಸಜಾತಿ ಪದ ವಿಜಾತಿ ಪದ. 3ಎ, 5ಎ ಥರದವು ಸಜಾತಿ, ಕೂಡಿಸಿ ಒಂದು ಮಾಡಬಹುದು; 3ಎ, 5ಬಿ ವಿಜಾತಿ, ಹಾಗೆ ಮಾಡಲು ಬರುವುದಿಲ್ಲ. ಅರ್ಧ ಕ್ಲಾಸು 3ಎ + 5ಬಿ = 8ಎಬಿ ಅಂತ ಬರೆದಿದೆ. ಎರಡನೇ ಸಲ ಹೇಳಿದೆ, ಮೂರನೇ ಸಲ ಹೇಳಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು: "ನೋಡಿದ್ರೆ ಗೊತ್ತಾಗಲ್ವಾ?"

ಹೇಳಿದ ಮೇಲೆ ಅದು ಯಾರ ಮಾತು ಅಂತ ನೆನಪಾಯಿತು.

ಈಗ ಎರಡು ಪ್ರಶ್ನೆ. ಅತ್ತೆ ಬಗ್ಗೆ ಬರೆದ ಆ ಪುಟ ಹರಿದುಹಾಕಲಾ, ಇಡಲಾ? ನಮ್ಮ ಯಜಮಾನರ ಚಿಕ್ಕಪ್ಪನ ಮಗಳು ಇದೇ ಕ್ಲಾಸಿನಲ್ಲಿ ಇದ್ದಾಳೆ, ಡೈರಿಗಳನ್ನು ಕ್ಲಾಸಿನಲ್ಲಿ ಓದಿಸುವ ಅಭ್ಯಾಸ ಬೇರೆ ಇದೆ. ಇನ್ನೊಂದು, ಇದೇ ಮುಖ್ಯ: ಹುಳುವಿಗೆ ಬಲ್ಬು ಸಿಕ್ಕಿತು. ಸಜಾತಿ ಪದಕ್ಕೆ ಬಲ್ಬು ಎಲ್ಲಿದೆ?

---

ಚಿಂತಾಮಣಿ ಹುಡುಗ:

ಮೇಡಂ, ಬಿ.ಎಡ್. ಮುಗಿಸಿ ಎರಡು ವರ್ಷವಾಯಿತು, ಅನುಭವದಿಂದ ಹೇಳುತ್ತೇನೆ. ಉದ್ದೇಶ, ಸಾಮಗ್ರಿ, ಹಂತಗಳು, ಫಲಿತಾಂಶ ಅಂತ ಹೆಡ್ಡಿಂಗ್ ಹಾಕಿ, ಕೆಳಗೆ ಹಸಿರು ಪೆನ್ನಲ್ಲಿ ಗೆರೆ ಎಳೆಯಿರಿ. ನಾನು ಈಜು ಕಲಿತೆ ಅಂತ ಬರೆದಿದ್ದೆ. ಬಾವಿ ಹತ್ತಿರವೂ ಹೋಗಿರಲಿಲ್ಲ. ಒಳ್ಳೆಯ ಮಾರ್ಕ್ಸೇ ಬಂತು.

ಪುಟ ಹರಿಯಬೇಡಿ. "ಅತ್ತೆ" ತೆಗೆದು "ಅನುಭವಿ ರೇಷ್ಮೆ ಬೆಳೆಗಾರರು" ಅಂತ ಹಾಕಿ. ಮನೆಯಲ್ಲಿ ಶಾಂತಿ.

---

ಚಾಕಿ ಮನೆ:

ನಮ್ಮದು ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಕಡೆ, ಅಪ್ಪನ ಕಾಲದಿಂದ ಹುಳು. ಅಮ್ಮ, ನೀವು ಕಂಡುಕೊಂಡಿದ್ದು ಸರಿ. ಹಣ್ಣು ಹುಳು ಬೆಳಕಿಗೆ ಹಿಡಿದರೆ ಕಳಿತ ದಿಲ್‌ಖುಷ್ ದ್ರಾಕ್ಷಿ ಥರ ಕಾಣುತ್ತದೆ. ಆದರೆ ಬರೀ ಕಣ್ಣನ್ನು ನಂಬಬೇಡಿ. ಹಣ್ಣಾದಾಗ ಮೈ ಸ್ವಲ್ಪ ಕುಗ್ಗುತ್ತದೆ, ಹಿಕ್ಕೆ ಗಟ್ಟಿ ಇರುವುದಿಲ್ಲ, ಮೆತ್ತಗೆ ಬೀಳುತ್ತದೆ. ತಲೆ ಎತ್ತಿ ಆಡಿಸುತ್ತದೆ ಅಂತ ಪುಸ್ತಕದಲ್ಲಿ ಇರುತ್ತದೆ, ಜ್ವರಕ್ಕೆ ಕೂತ ಹುಳುವೂ ತಲೆ ಎತ್ತಿಕೊಂಡೇ ಇರುತ್ತದೆ. ಹಾಲುತೊಂಡೆಯಾದರೆ ಗೆಣ್ಣು ಗೆಣ್ಣು ಊದಿ ಮೈ ಮಿರಿ ಮಿರಿ ಅನ್ನುತ್ತದೆ.

ನಿಮ್ಮ ಅತ್ತೆಯವರ ಸಿಟ್ಟಿಗೆ ಕಾರಣ ಇದೆ. ಅಂಥದ್ದೊಂದು ಚಂದ್ರಿಕೆಯಲ್ಲಿ ಒಡೆದರೆ ಪಕ್ಕದ ಗೂಡೆಲ್ಲಾ ಕಲೆ. ಮಾರ್ಕೆಟ್ಟಿನಲ್ಲಿ ಗೂಡು ಕೊಂಡು ನೂಲು ತೆಗೆಯುವ ರೀಲರ್ ಕೈ ಹಾಕಿ ನಾಲ್ಕು ಗೂಡು ಎತ್ತುತ್ತಾನೆ, ಅದರಲ್ಲಿ ಕಲೆ ಗೂಡೇ ಬಂದರೆ ಇಡೀ ಲಾಟಿನ ರೇಟು ಬಿತ್ತು. ಒಂದು ತಿಂಗಳ ನಿದ್ದೆ ಹೋಯಿತು. ಆ ಸಿಟ್ಟು ನಿಮ್ಮ ಮೇಲಲ್ಲ.

ರೋಗದ ಹುಳು ಮುಟ್ಟಿದ ಕೈ ತೊಳೆದಿರಿ ತಾನೆ? ಅದನ್ನೂ ಡೈರಿಯಲ್ಲಿ ಬರೆಯಿರಿ, ಹೊಸಬರು ಅದನ್ನೇ ಮರೆಯುವುದು.

---

ಮಾಲೂರು ಮೇಷ್ಟ್ರು:

ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನು. ಅಮ್ಮಾ, ಬರಹ ಇಷ್ಟವಾಯಿತು, ಆದರೆ ಹೋಲಿಕೆ ಒಪ್ಪುವುದಿಲ್ಲ.

ಹುಳು ಹಣ್ಣಾಗಿರುವುದು ಹುಳುವಿನಲ್ಲೇ ಇದೆ, ಬೆಳಕು ಬಿಟ್ಟರೆ ಕಾಣುತ್ತದೆ. 3ಎ, 5ಬಿ ಸೇರುವುದಿಲ್ಲ ಅನ್ನುವುದು ಕಾಗದದ ಮೇಲೆ ಎಲ್ಲೂ ಕಾಣುವುದಿಲ್ಲ. ಸರಿ ತಪ್ಪು ಅಂತ ಅರವತ್ತು ಸಲ ಹೇಳಿದರೆ ಮಕ್ಕಳು ಅಕ್ಷರ ನೋಡಿ ವಿಂಗಡಿಸಲು ಕಲಿಯುತ್ತಾರೆ, ಅಷ್ಟೇ. ಯಾಕೆ ಅಂತ ಕೇಳಿದರೆ "ಮಿಸ್ ಹೇಳಿದ್ರು."

8ಎಬಿ ಬರೆದ ಮಗು ಕುರುಡಲ್ಲ. ಏಳು ವರ್ಷ ನಾವೇ ಕಲಿಸಿದ್ದೇನು? ಕೂಡಿಸುವ ಚಿಹ್ನೆ ಕಂಡರೆ ಕೂಡಿಸು, ಉತ್ತರ ಅಂದರೆ ಒಂದೇ ಸಂಖ್ಯೆ. 3ಎ + 5ಬಿ ಅಂತ ಬಿಟ್ಟರೆ ಅದಕ್ಕೆ ಲೆಕ್ಕ ಅರ್ಧಕ್ಕೆ ನಿಂತಂತೆ ಅನಿಸುತ್ತದೆ, ಅದಕ್ಕೇ ಅಂಟಿಸಿ ಮುಗಿಸುತ್ತದೆ. ಮೂರು ಮಾವು ಐದು ಬಾಳೆ ಅಂತ ದಯವಿಟ್ಟು ಹೇಳಬೇಡಿ. ಶ್ರೀನಿವಾಸಪುರದ ಹುಡುಗನೊಬ್ಬ ಮುಂದಿನ ವಾರ ನನ್ನನ್ನೇ ಕೇಳಿದ: "ಸಾರ್, ಹಾಗಾದ್ರೆ ಮಾವು ಇಂಟು ಬಾಳೆ ಎಷ್ಟು?" ಅಕ್ಷರ ನಿಂತಿರುವುದು ಹಣ್ಣಿನ ಬದಲು ಅಲ್ಲ, ಸಂಖ್ಯೆಯ ಬದಲು.

ಬೆಲೆ ಹಾಕಿಸಿ. ಎ 2, ಬಿ 1 ಅನ್ನಿ. 3ಎ + 5ಬಿ ಅಂದರೆ 6 + 5, 11. 8ಎಬಿ ಅಂದರೆ 16. ಎರಡೂ ಒಂದೇ ಆಗಿದ್ದರೆ ಉತ್ತರ ಯಾಕೆ ಬೇರೆ ಬಂತು? ಅಲ್ಲಿಗೆ ಬಿಟ್ಟು ಸುಮ್ನೆ ನಿಲ್ಲಿ. ಒಂದು ಎಚ್ಚರಿಕೆ: ಎ 1, ಬಿ 1 ಹಾಕಬೇಡಿ. ಎರಡೂ ಕಡೆ 8 ಬರುತ್ತದೆ, ಕ್ಲಾಸು ಗೆದ್ದೆವು ಅಂತ ಚಪ್ಪಾಳೆ ತಟ್ಟುತ್ತದೆ. ನನಗೆ ಆಗಿದೆ, ಅದೂ ಇನ್‌ಸ್ಪೆಕ್ಟರ್ ಬಂದ ದಿನ.

---

ಎಂ.ಎಡ್. ಓದುತ್ತಿರುವವಳು:

ಚಿಕ್ಕ ತಿದ್ದುಪಡಿ. ಸ್ಕ್ಯಾಫೋಲ್ಡಿಂಗ್ ಅನ್ನುವ ಮಾತನ್ನು ಕಲಿಸುವುದಕ್ಕೆ ಹೊಂದಿಸಿದ್ದು ವೈಗೋಟ್‌ಸ್ಕಿ ಅಲ್ಲ. ಅವರು ತೀರಿಕೊಂಡಿದ್ದು 1934ರಲ್ಲಿ. ಈ ಮಾತು ಬಂದಿದ್ದು 1976ರಲ್ಲಿ, ವುಡ್, ಬ್ರೂನರ್, ರಾಸ್ ಸೇರಿ ಬರೆದ ಲೇಖನದಲ್ಲಿ. ವೈಗೋಟ್‌ಸ್ಕಿಯ ವಲಯದ ವಿಚಾರದ (ಮಗು ತಾನೇ ಮಾಡಬಲ್ಲದ್ದಕ್ಕೂ, ಯಾರಾದರೂ ನೆರವಾದರೆ ಮಾಡಬಲ್ಲದ್ದಕ್ಕೂ ನಡುವಿನ ಜಾಗ) ಜೊತೆ ಆಮೇಲೆ ಸೇರಿಕೊಂಡಿತು. ಪರೀಕ್ಷೆಯಲ್ಲಿ ನಾವೆಲ್ಲ ತಪ್ಪೇ ಬರೆದು ಪಾಸಾಗಿದ್ದೇವೆ ಬಿಡಿ. ಕಟ್ಟಡದ ಗಾರೆಯವರ ಹತ್ತಿರ ಇದಕ್ಕೆ "ಸಾರುವೆ" ಅನ್ನುವ ಒಳ್ಳೆಯ ಪದ ಇದೆ, ಡೈರಿಯಲ್ಲಿ ಅದನ್ನೇ ಬಳಸಿ.

ನಿಮ್ಮ ಅತ್ತೆಯವರ ವಿಷಯಕ್ಕೆ ಹತ್ತಿರ ಬರುವವರು ತತ್ತ್ವಜ್ಞಾನಿ ಮೈಕೇಲ್ ಪೊಲಾನಿ. ನಮಗೆ ಗೊತ್ತಿರುವುದು ನಾವು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ಜಾಸ್ತಿ ಅಂತ 1966ರಲ್ಲಿ ಬರೆದರು. ಆದರೆ ಮೇಷ್ಟ್ರು ಹೇಳಿದಂತೆ ಗಣಿತದಲ್ಲಿ ಹೇಳಲು ಆಗುವ ಕಾರಣ ಇದ್ದೇ ಇದೆ. ಅತ್ತೆಗೆ ಹೇಳಲು ಆಗಲಿಲ್ಲ. ನೀವು ಹೇಳಲಿಲ್ಲ. ಈ ವ್ಯತ್ಯಾಸ ಬರೆಯಿರಿ, ಸ್ವಲ್ಪ ನೋವಾದರೂ. ಆ ಪುಟವೂ ಇರಲಿ, ಎರಡು ಗೆರೆ ಸಮೇತ.

---

ಗುಬ್ಬಿಯ ಸೊಸೆ:

ಎಲ್ಲರಿಗೂ ಥ್ಯಾಂಕ್ಸ್. ಚಾಕಿ ಮನೆಯವರೇ, ಕೈ ತೊಳೆದಿದ್ದೆ. ಅತ್ತೆಯೇ ಬ್ಲೀಚಿಂಗ್ ನೀರು ಹೊಯ್ದರು.

ಎಂ.ಎಡ್. ಮೇಡಂ, ನಿಮ್ಮ ಆ ಎರಡು ಚಿಕ್ಕ ವಾಕ್ಯ ಓದಿ ಒಂದು ದಿನ ಉತ್ತರ ಬರೆಯಲು ಆಗಲಿಲ್ಲ.

ಮೇಷ್ಟ್ರೇ, ಗುರುವಾರ ನಿಮ್ಮ ಲೆಕ್ಕ ಮಾಡಿಸಿದೆ. 11, 16 ಬಂತು. ಕ್ಲಾಸು ಒಂದು ನಿಮಿಷ ಗಪ್‌ಚುಪ್. ನಿಮ್ಮ ಎಚ್ಚರಿಕೆ ನೆನಪಿಟ್ಟುಕೊಂಡು 1, 1 ತಪ್ಪಿಸಿದೆ. ಆದರೆ ಕೊನೇ ಬೆಂಚಿನವನೊಬ್ಬ ಎದ್ದು "ಮಿಸ್, ಎರಡೂ ಸೊನ್ನೆ ಹಾಕಿ" ಅಂದ. ಎರಡು ಕಡೆಯೂ ಸೊನ್ನೆ! ಚಪ್ಪಾಳೆ ತಟ್ಟಿದರು. ಇನ್ನೊಬ್ಬಳು 1, 1 ಕಂಡುಹಿಡಿದಳು. ಆಮೇಲೆ ಇನ್ನೆಲ್ಲಿ ಸರಿ ಹೋಗುತ್ತದೆ ಅಂತ ಹುಡುಕುವುದರಲ್ಲೇ ಪೀರಿಯಡ್ ಮುಗಿಯಿತು. ಪೂರ್ಣ ಸಂಖ್ಯೆಯಲ್ಲಿ ಮತ್ತೆ ಒಂದೂ ಸಿಗಲಿಲ್ಲ. "ಎರಡು ಕಡೆ ಮಾತ್ರ ಸರಿ ಹೋದರೆ ಒಂದೇ ಅನ್ನೋಕೆ ಆಗಲ್ಲ ಅಲ್ವಾ ಮಿಸ್" ಅಂತ ಅವಳೇ ಹೇಳಿದಳು. ನನ್ನ ಪಾಠಯೋಜನೆ ಅರ್ಧವೂ ಆಗಲಿಲ್ಲ. ಹಿಂದೆ ಕೂತಿದ್ದ ಶಾಲೆಯ ಟೀಚರ್ ಏನೋ ಬರೆದುಕೊಂಡರು, ಇನ್ನೂ ತೋರಿಸಿಲ್ಲ.

ಡೈರಿಯ ವಿಷಯ. ಹರಿಯಲಿಲ್ಲ, ಅತ್ತೆ ಪದವನ್ನೂ ತೆಗೆಯಲಿಲ್ಲ. ಚಿಕ್ಕಪ್ಪನ ಮಗಳಿಂದ ಗೊತ್ತಾಗುವ ಮೊದಲು ನಾನೇ ಓದಿ ಹೇಳಿದೆ, ಸೊಪ್ಪು ಕತ್ತರಿಸುತ್ತಾ ಕೇಳಿದರು. ವೈಗೋಟ್‌ಸ್ಕಿ ಬಂದಾಗ "ಆಯಪ್ಪ ಯಾರು, ರೇಷ್ಮೆ ಡಿಪಾರ್ಟ್‌ಮೆಂಟ್‌ನವನಾ?" ಅಂದರು. ಬಲ್ಬಿನ ಕಥೆ ಬಂದಾಗ ಕುಡುಗೋಲು ನಿಲ್ಲಿಸಿ ನಕ್ಕರು.

"ನಾನು ಆ ಕಡೆ ನಿಲ್ಲೋದು ಬೆಳಕಿಗಲ್ಲಮ್ಮ. ಆ ಕಡೆ ಕಿಟಕಿ ಇದೆ, ಗಾಳಿ ಬರುತ್ತೆ."

ಆ ಪುಟ ಈಗ ಮತ್ತೆ ಬರೆಯಬೇಕು.