ಹಿತ್ತಲ ಗಲ್ಲಿಯ ಗೇಟು

ನಮ್ಮ ವಾಟ್ಸಾಪ್ ಗುಂಪಿನ ಹೆಸರು ‘ಚಾಮರಾಜಪುರಂ ಮನೆ’. ಹದಿನೇಳು ಜನ ಇದ್ದೇವೆ. ಮಾತನಾಡುವವರು ನಾಲ್ಕು ಮಂದಿ, ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಲು ಇರುವವರು. ಮೊನ್ನೆ ಭಾನುವಾರ ಸಂಜೆ ನನ್ನ ತಮ್ಮ ಒಂದು ಆಹ್ವಾನ ಪತ್ರಿಕೆ ಹಾಕಿದ. ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಸಾರ್ವಜನಿಕ ಉಪನ್ಯಾಸ, ವಿಷಯ ನಗರ ನೀತಿ ಮತ್ತು ಸಾಮಾಜಿಕ ನ್ಯಾಯ, ಪ್ರವೇಶ ಉಚಿತ. ಕೆಳಗೆ ‘ಎಲ್ಲರೂ ಬನ್ನಿ’ ಎಂದು ಸೇರಿಸಿದ್ದೇ ತಪ್ಪಾಯಿತು. ಆಮೇಲೆ ನಡೆದದ್ದನ್ನು ಇಲ್ಲಿ ಇಳಿಸಿದ್ದೇನೆ. ಭಾಷೆಯನ್ನು ಮಾತ್ರ ತಿದ್ದಿದ್ದೇನೆ. ನಮ್ಮ ಮನೆಯವರು ಕಾಗುಣಿತಕ್ಕೆ ಹೆದರುವವರಲ್ಲ.

ದೊಡ್ಡಪ್ಪ: ಉಪನ್ಯಾಸ ಕೊಟ್ಟರೆ ಚರಂಡಿಯ ಹೂಳು ಹೋಗುತ್ತದೆಯೇ? ಫ್ಯಾನಿನ ಕೆಳಗೆ ಕುಳಿತು ನ್ಯಾಯದ ಮಾತನಾಡುವವರಿಗೆ ಅಗ್ರಹಾರದ ಕಡೆ ಒಮ್ಮೆ ನಡೆದು ಬರಲು ಹೇಳು. ಪಾದಚಾರಿ ಮಾರ್ಗದ ತುಂಬ ಸೊಪ್ಪಿನವರು, ಹೂವಿನವರು. ನಡೆಯುವವನಿಗೆ ನ್ಯಾಯ ಬೇಡವೇ?

ತಮ್ಮ: ದೊಡ್ಡಪ್ಪ, ಬೀದಿ ವ್ಯಾಪಾರಿಗಳಿಗೆಂದು 2014ರಲ್ಲೇ ಕಾಯ್ದೆ ಬಂದಿದೆ. ಸಮೀಕ್ಷೆ ಮುಗಿಯದೆ ಅವರನ್ನು ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ವ್ಯಾಪಾರಿಗಳ ಪ್ರತಿನಿಧಿಗಳೇ ಆಗಿರಬೇಕು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು.

ದೊಡ್ಡಪ್ಪ: ಕಾಯ್ದೆ ಓದಿದ್ದೀಯೆ, ಸಂತೋಷ. ಒಂದು ದಿನವಾದರೂ ಮನೆಗೆ ಸೊಪ್ಪು ತಂದಿದ್ದೀಯಾ?

ಅತ್ತೆ: ಸೊಪ್ಪು ತರುವವನು ನೀನೇ ಅಣ್ಣ, ಅದೇ ಪಾದಚಾರಿ ಮಾರ್ಗದಿಂದ. ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡಿ ತಂದು, ಕೈಕಾಲು ತೊಳೆದು, ಇಲ್ಲಿ ಬಂದು ನಡೆಯಲು ಜಾಗವಿಲ್ಲ ಎಂದು ಬರೆಯುತ್ತೀಯೆ.

ಇಲ್ಲಿ ಅಪ್ಪ ಹೆಬ್ಬೆರಳು ಎತ್ತಿದರು. ಯಾರ ಮಾತಿಗೆ ಎಂಬುದು ಈವರೆಗೂ ತಿಳಿದಿಲ್ಲ.

ದೊಡ್ಡಪ್ಪ: ಮೈಸೂರಿಗೆ ಯಾರೂ ನಗರ ನೀತಿ ಕಲಿಸಬೇಕಾಗಿಲ್ಲ. ಪ್ಲೇಗು ಬಂದು ಹೋದ ಮೇಲೆ, 1903ರಲ್ಲೇ ನಗರ ಸುಧಾರಣೆಗೆಂದು ಸಿಐಟಿಬಿ ಎಂಬ ಮಂಡಳಿಯನ್ನೇ ಮಾಡಿದ ಊರು ಇದು. ಈ ಅಗಲವಾದ ರಸ್ತೆಗಳು ಸುಮ್ಮನೆ ಬಂದವೇ? ದೇಶದ ಸ್ವಚ್ಛ ನಗರ ಎಂದು 2015ರಲ್ಲೂ 2016ರಲ್ಲೂ ಮೊದಲನೆಯ ಸ್ಥಾನ ನಮ್ಮದೇ.

ಅತ್ತೆ: ಆ ಸ್ಥಾನ ಬಂದದ್ದು ನೀನು ಏಳುವ ಮೊದಲೇ ಬೀದಿ ಗುಡಿಸಿ ಹೋಗಿರುವ ಪೌರಕಾರ್ಮಿಕರಿಂದ. ಇರಲಿ. ಅಷ್ಟು ಚೆನ್ನಾಗಿ ನಕ್ಷೆ ಬರೆದರಲ್ಲ, ನಮ್ಮ ಮನೆಯ ಹಿಂದೆ ಕನ್ಸರ್ವೆನ್ಸಿ ಗಲ್ಲಿ ಏಕೆ ಬಿಟ್ಟರು, ಅದನ್ನು ಹೇಳು. ಮುಂದಿನ ರಸ್ತೆ ನಮಗೆ, ಹಿಂದಿನ ಗಲ್ಲಿ ಮಲ ಬಳಿಯುವವರಿಗೆ. ಅವರು ಬಂದದ್ದು ಹೋದದ್ದು ನಮ್ಮ ಕಣ್ಣಿಗೆ ಬೀಳಬಾರದಿತ್ತು. ಈಗ ಅದೇ ಗಲ್ಲಿಗೆ ಗೇಟು ಹಾಕಿಸಿ ಕಾರು ನಿಲ್ಲಿಸಿಕೊಂಡಿದ್ದೀಯೆ. ಸೊಪ್ಪಿನವಳ ಗೋಣಿತಾಟು ಮಾತ್ರ ಒತ್ತುವರಿ.

ದೊಡ್ಡಪ್ಪ: ಗೇಟು ಹಾಕಿಸಿದ್ದು ಹೆಗ್ಗಣಕ್ಕೆ. ಆ ವಿಷಯ ಬೇರೆ, ಇದು ಬೇರೆ. ಒಂದು ಭಾಷಣದಿಂದ ಈ ಊರಿನಲ್ಲಿ ಏನಾದರೂ ಆಗಿದ್ದಕ್ಕೆ ಒಂದೇ ಒಂದು ಉದಾಹರಣೆ ಕೊಡು.

ಅತ್ತೆ ಟೈಪಿಸುತ್ತಿದ್ದಾರೆ ಎಂದು ಪರದೆಯ ಮೇಲೆ ತುಂಬ ಹೊತ್ತು ತೋರಿಸುತ್ತಿತ್ತು. ಮೂವತ್ತು ವರ್ಷ ಪಾಠ ಮಾಡಿದವರಿಗೆ ಉದಾಹರಣೆ ಕೇಳಬಾರದು.

ಅತ್ತೆ: 1973ರ ನವೆಂಬರ್. ಇದೇ ಮೈಸೂರು. ಕಾಲೇಜಿನ ಸಭೆಯಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ತುಂಬಿದೆ ಎಂದರು. ರಾಜ್ಯವೆಲ್ಲ ಹೊತ್ತಿಕೊಂಡಿತು. ದಲಿತ ವಿದ್ಯಾರ್ಥಿಗಳಿಗೆ ಹೊಡೆದರು. ಅವರ ಮಂತ್ರಿ ಪದವಿಯೂ ಹೋಯಿತು. ಆ ಬೇಗೆಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಒಂದು ಭಾಷಣ ಅಣ್ಣ, ಒಂದೇ. ಅವರ ವಿರುದ್ಧದ ಮೆರವಣಿಗೆಯಲ್ಲಿ ನೀನಿದ್ದೆ.

ದೊಡ್ಡಪ್ಪ: ಆಗ ನನಗೆ ಇಪ್ಪತ್ತು ವರ್ಷ. ತರಗತಿಯವರೆಲ್ಲ ಹೊರಟರು, ನಾನೂ ಹೊರಟೆ.

ತಮ್ಮ: ಭಾಷಣ ಕೇಳಿದ್ದಿರಾ ದೊಡ್ಡಪ್ಪ?

ದೊಡ್ಡಪ್ಪ: ಕೇಳಿರಲಿಲ್ಲ.

ಇದಾದ ಮೇಲೆ ಯಾರೂ ಬರೆಯಲಿಲ್ಲ. ಚಿಕ್ಕಮ್ಮ ಸಮಯ ನೋಡಿ ಬಿಸಿಬೇಳೆ ಬಾತಿನ ಚಿತ್ರ ಹಾಕಿದರು. ಅದೂ ಬಿದ್ದಲ್ಲೇ ಬಿದ್ದಿತ್ತು. ಒಂಬತ್ತು ಗಂಟೆಗೆ ದೊಡ್ಡಮ್ಮನ ಮೊಬೈಲ್‌ನಿಂದ ಒಂದು ಧ್ವನಿ ಸಂದೇಶ ಬಂತು. ಮಾತನಾಡಿದ್ದು ತೊಂಬತ್ತೆರಡರ ಅಜ್ಜಿ.

ಅಜ್ಜಿ: ಯಾರು, ಬಸವಲಿಂಗಪ್ಪನೇ? ತಲೆಯ ಮೇಲೆ ಮಲ ಹೊರಬಾರದು ಎಂದು ಕಾನೂನು ತಂದವನಲ್ಲವೇ ಅವನು? ಬೂಸಾ ಗೀಸಾ ನನಗೆ ಗೊತ್ತಿಲ್ಲ. ನಾನು ಮದುವೆಯಾಗಿ ಈ ಮನೆಗೆ ಬಂದಾಗ ಹಿತ್ತಲ ಬಾಗಿಲಿಗೆ ಒಬ್ಬಳು ಬರುತ್ತಿದ್ದಳು. ಬಿದಿರಿನ ಬುಟ್ಟಿ, ತಳಕ್ಕೆ ಬೂದಿ. ಮಳೆಗಾಲದಲ್ಲಿ ಅದು ಸೋರಿ ಕುತ್ತಿಗೆಗೆ ಇಳಿಯುತ್ತಿತ್ತು. ನಾನು ಮೆಟ್ಟಿಲ ಮೇಲೆ ನಿಂತು ತಂಬಿಗೆಯಿಂದ ನೀರು ಹೊಯ್ಯುತ್ತಿದ್ದೆ, ಅವಳು ಬೊಗಸೆ ಒಡ್ಡುತ್ತಿದ್ದಳು. ಇಪ್ಪತ್ತು ವರ್ಷ ಬಂದಳು. ಹೆಸರು ಕೇಳಲಿಲ್ಲ. ಮಗು ಹಟ ಮಾಡಿದರೆ ಗಲ್ಲಿಯವಳನ್ನು ಕರೆಯುತ್ತೇನೆ ಎಂದು ಹೆದರಿಸುತ್ತಿದ್ದೆ. ಇವನನ್ನೇ, ದೊಡ್ಡವನನ್ನೇ.

ಹಿಂದೆ ದೊಡ್ಡಮ್ಮ ‘ಸಾಕು ಬಿಡಿ ಅತ್ತೆ’ ಎನ್ನುವುದು ಕೇಳಿಸುತ್ತದೆ. ಅಲ್ಲಿಗೆ ಸಂದೇಶ ಮುಗಿಯಿತು.

ತಮ್ಮ: ಅಜ್ಜಿ, ಬುಟ್ಟಿ ಹೋಯಿತು, ಮ್ಯಾನ್‌ಹೋಲ್ ಉಳಿಯಿತು. ಮಲ ಬಳಿಸುವುದನ್ನು ನಿಷೇಧಿಸಿ 2013ರಲ್ಲಿ ಇನ್ನೊಂದು ಕಾಯ್ದೆ ಮಾಡಿದರು. ಒಳಚರಂಡಿಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು.

ಬೆಂಗಳೂರಿನ ಅಣ್ಣ: ಅಂದರೆ ಸಾವು ನಿಂತಿಲ್ಲ, ದರ ಏರಿದೆ.

ದೊಡ್ಡಪ್ಪನ ಮಗ ಗುಂಪಿನಲ್ಲಿ ಷೇರು ಪೇಟೆಯ ವಿಷಯ ಬಿಟ್ಟು ಬರೆದದ್ದನ್ನು ನಾನು ನೋಡಿದ್ದು ಅದೇ ಮೊದಲು.

ದೊಡ್ಡಪ್ಪ ಎಲ್ಲವನ್ನೂ ಓದಿದ್ದರು, ನೀಲಿ ಗುರುತು ಕಾಣುತ್ತಿತ್ತು. ಹತ್ತೂವರೆಗೆ ಕೆಂಪು ಗುಲಾಬಿಯ ಮೇಲೆ ‘ಶುಭರಾತ್ರಿ’ ಎಂದು ಬರೆದ ಚಿತ್ರ ಕಳಿಸಿದರು. ಅದು ಅವರ ದಿನನಿತ್ಯದ ಕರ್ಮ, ಅದರಿಂದ ಏನನ್ನೂ ಊಹಿಸುವಂತಿಲ್ಲ.

ಬೆಳಿಗ್ಗೆ 5.50ಕ್ಕೆ ಬಂದದ್ದು ಇದು.

ದೊಡ್ಡಪ್ಪ: ಭಾಷಣ ಮುಗಿದ ಮೇಲೆ ಪ್ರಶ್ನೆ ಕೇಳಲು ಬಿಡುತ್ತಾರೆಯೇ? 2018ರಲ್ಲಿ ನಾವು ಆರಿಸಿದ ಪಾಲಿಕೆ ಸದಸ್ಯರ ಅವಧಿ 2023ಕ್ಕೆ ಮುಗಿಯಿತು. ಸರಿಯಾದ ಹೊತ್ತಿಗೆ ಚುನಾವಣೆ ಏಕೆ ಮಾಡಲಿಲ್ಲ? 65 ವಾರ್ಡುಗಳ ಜನ ಅಧಿಕಾರಿಯ ಬಾಗಿಲು ಕಾಯಬೇಕಾದರೆ ನಗರವನ್ನು ಜನ ಆರಿಸಿದವರೇ ಆಳಬೇಕೆಂದು ಸಂವಿಧಾನಕ್ಕೆ 74ನೇ ತಿದ್ದುಪಡಿ ತಂದದ್ದು ಯಾವ ಸುಖಕ್ಕೆ? ಇದನ್ನು ಎದ್ದು ನಿಂತು ಕೇಳುತ್ತೇನೆ. ಮುಂದಿನ ಸಾಲಿನಲ್ಲಿ ಎರಡು ಜಾಗ ಹಿಡಿದಿಡು, ಅಮ್ಮನೂ ಬರುತ್ತಾಳಂತೆ. ಗೇಟಿನ ವಿಷಯವನ್ನು ಅಲ್ಲಿ ಯಾರೂ ಎತ್ತಬಾರದು.