ಮೀಥೇನ್ ತಗ್ಗಿಸುವ ಸಸ್ಯಪುಡಿಗಳು: ಪಶುವೈದ್ಯರಿಗೆ ಪ್ರಶ್ನೆಗಳು

ಸದಸ್ಯ 1: ಡಾಕ್ಟ್ರೇ ನಮಸ್ಕಾರ. ತೇಗಿನಲ್ಲಿ ಹೋಗೋ ಮೀಥೇನ್ ಅನಿಲ ಇಳಿದು ಹಾಲು ಏರುತ್ತೆ ಅನ್ನೋ ಫಾರ್ವರ್ಡ್ ನೋಡಿ ಹಸುವಿಗೆ ದಿನಕ್ಕೆ 600 ಗ್ರಾಂ ಟ್ಯಾನಿನ್ (ಗಿಡದ ಒಗರು ಅಂಶ) ಪುಡಿ, 300 ಮಿ.ಲೀ. ಎಣ್ಣೆ ಕೊಡ್ತಿದ್ದೀನಿ. ಪ್ಯಾಕೆಟ್ ಮೇಲೆ ಟ್ಯಾನಿನ್ 70% ಅಂತಿದೆ. ಇವತ್ತಿಗೆ ಐದು ದಿನ. ಮೇವು ಅರ್ಧಕ್ಕೆ ಇಳಿದಿದೆ, ಸಗಣಿ ಗಟ್ಟಿ, ಮೆಲುಕು ಕಮ್ಮಿ.

ಸದಸ್ಯ 2: ಬೆಳ್ಳುಳ್ಳಿ ಎಷ್ಟು ಹಾಕಬೇಕು ಸರ್?

ಪಶುವೈದ್ಯರು: ಸದಸ್ಯ 1, ಎರಡನ್ನೂ ಈಗಲೇ ನಿಲ್ಲಿಸಿ. ಹಸು ದಿನಕ್ಕೆ 8 ಕೆಜಿ ಒಣ ಅಂಶ (ನೀರು ಬಿಟ್ಟು ಮೇವಿನ ತೂಕ) ತಿನ್ನುತ್ತೆ ಅಂದುಕೊಳ್ಳಿ. ನಿಮ್ಮ ಪುಡಿಯಲ್ಲಿ 420 ಗ್ರಾಂ ಟ್ಯಾನಿನ್ ಇದೆ, ಅಂದರೆ 5% ದಾಟಿತು. ಒಂದೆರಡು ಪರ್ಸೆಂಟ್ ಇದ್ದರೆ ಟ್ಯಾನಿನ್ ಪ್ರೋಟೀನನ್ನು ಹಿಡಿದು ರೂಮೆನ್‌ನಲ್ಲಿ, ಅಂದರೆ ಮೊದಲ ದೊಡ್ಡ ಹೊಟ್ಟೆಯಲ್ಲಿ, ಕೊಳೆಯದಂತೆ ಮುಂದಕ್ಕೆ ದಾಟಿಸುತ್ತೆ. 5 ಮೀರಿದರೆ ನಾರು ಅರಗಿಸುವ ಸೂಕ್ಷ್ಮಾಣುಗಳನ್ನೇ ಕಟ್ಟಿಹಾಕುತ್ತೆ. ಮೇಲೆ ಎಣ್ಣೆ! ಮೇವಿನ ಕೊಬ್ಬೂ ಸೇರಿ ಒಟ್ಟು 6% ಮೀರಬಾರದು, ನಿಮ್ಮ ಎಣ್ಣೆಯೊಂದೇ 3%ಗಿಂತ ಹೆಚ್ಚು. ಒಣ ಹುಲ್ಲು, ನೀರು ಮುಂದಿಡಿ. ಬಾಯಿಗೆ ಏನನ್ನೂ ಸುರಿಯಬೇಡಿ, ಶ್ವಾಸಕೋಶಕ್ಕೆ ಇಳಿದೀತು. ಎಡ ಪಕ್ಕೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿಯಿರಿ, ಎರಡು ನಿಮಿಷಕ್ಕೆ ಎರಡು ಮೂರು ಅಲೆ ಕೈಗೆ ಸಿಗಬೇಕು. ಪುಡಿ ಯಾವ ಮರದ್ದು? ಕೆಲವು ಟ್ಯಾನಿನ್ ಹೊಟ್ಟೆಯಲ್ಲಿ ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತವೆ. ಸಗಣಿ ಕಪ್ಪಾದರೆ ಕಾಯಬೇಡಿ.

ಸದಸ್ಯ 3: ಅಂಟುವಾಳದ ಪುಡಿ ಹಾಕಿ, ರೂಮೆನ್‌ನ ಪ್ರೊಟೊಜೋವಾ (ಏಕಕೋಶ ಜೀವಿಗಳು) ಸತ್ತು ಮೀಥೇನ್ ನಿಲ್ಲುತ್ತೆ.

ಸದಸ್ಯ 4: ನಿಲ್ಲಲ್ಲ. ಪ್ರೊಟೊಜೋವಾಕ್ಕೆ ಅಂಟಿಕೊಂಡ, ಮೀಥೇನ್ ಮಾಡುವ ಜೀವಿಗಳಷ್ಟೇ ತಗ್ಗುತ್ತವೆ. ಕೆಲವು ವಾರಕ್ಕೆ ಬ್ಯಾಕ್ಟೀರಿಯಾ ಅಂಟುವಾಳದ ನೊರೆ ಅಂಶವಾದ ಸಪೋನಿನ್ನನ್ನೇ ಒಡೆಯಲು ಶುರುಮಾಡಿ ಆ ಪರಿಣಾಮವೂ ಹೋಗುತ್ತೆ.

ಸದಸ್ಯ 3: ನಮ್ಮಲ್ಲಿ ತೇಗಿನ ವಾಸನೆ ಕಮ್ಮಿಯಾಗಿದೆ, ಓದಿದ್ದು ನೀವೇ ಇಟ್ಕೊಳ್ಳಿ.

ಸದಸ್ಯ 4: ಮೀಥೇನಿಗೆ ವಾಸನೆಯೇ ಇಲ್ಲ ಸ್ವಾಮಿ.

ಸದಸ್ಯ 5: ಮೇಕೆಗೆ ಕೆಂಪು ಕಡಲಪಾಚಿ ಕೊಡಬಹುದಾ?

ಸದಸ್ಯ 6: ಬೆಳ್ಳುಳ್ಳಿ ಪ್ರಮಾಣ ಹೇಳಿ ಸರ್.

ಪಶುವೈದ್ಯರು: ಬೆಳ್ಳುಳ್ಳಿಗೆ ಹಾಲು ನಾರುತ್ತೆ. ಬೇಡ.

ಸದಸ್ಯ 3: ಮೀಥೇನ್ ಇಳಿದರೆ ಹಾಲು ಏರಲೇಬೇಕಲ್ಲ ಸರ್? ಮೀಥೇನಾಗಿ ಹೋಗ್ತಿದ್ದ ಆ ಶಕ್ತಿ ಎಲ್ಲಿಗೆ ಹೋಗುತ್ತೆ?

ಪಶುವೈದ್ಯರು: ಏರಲೇಬೇಕೆಂದಿಲ್ಲ. ಮೀಥೇನ್ ಆಗದೆ ಉಳಿದ ಹೈಡ್ರೋಜನ್ ಪ್ರೊಪಿಯೊನೇಟ್ (ಹಸುವಿಗೆ ಶಕ್ತಿ ಕೊಡುವ ಆಮ್ಲ) ಆದರೆ ಲಾಭ. ಹಾಗೇ ಗುಡ್ಡೆಬಿದ್ದರೆ ನಾರು ಅರಗುವುದೇ ನಿಧಾನ. ಹಸು ತಿನ್ನೋದನ್ನೇ ಬಿಟ್ಟರೂ ಮೀಥೇನ್ ಇಳಿಯುತ್ತೆ! ಒಣ ಅಂಶದ ಲೆಕ್ಕವಿಲ್ಲದ ಫಾರ್ವರ್ಡ್ ಇಲ್ಲಿ ಹಾಕಬೇಡಿ, ಎಷ್ಟು ಸಲ ಹೇಳಲಿ.

ಸದಸ್ಯ 7: ಬೆಳ್ಳುಳ್ಳಿ ಒಣಗಿಸಿ ಕೊಟ್ಟರೆ?

ಸದಸ್ಯ 4: ಮೇಲೆ ಓದ್ರೀ ಮೊದಲು.

ಸದಸ್ಯ 1: ಡಾಕ್ಟ್ರೇ, ಪ್ಯಾಕೆಟ್ ಮೇಲೆ ಚೆಸ್ಟ್‌ನಟ್ ಅಂತಿದೆ. ಸಗಣಿ ಈಗ ಕಪ್ಪಗೆ ಬಂತು.

ಪಶುವೈದ್ಯರು: ಅದು ಒಡೆಯುವ ಜಾತಿಯದೇ. ಇಲ್ಲಿ ಬರೆಯೋದು ಬಿಟ್ಟು ಹತ್ತಿರದ ವೈದ್ಯರಿಗೆ ಫೋನ್ ಮಾಡಿ. ಅವರು ಬಂದಾಗ ಪ್ಯಾಕೆಟ್ ತೋರಿಸಿ.